ದೊಡ್ಡಕುಂಟೆಯ ನೀಲಿ ನೀರು

"ಈ ಹುಡುಗಿ ಮುಳುಗಿದ ನೀರೇ ಬೇರೆ, ನೀವು ಬಾಟಲಿಯಲ್ಲಿ ತಂದುಕೊಟ್ಟ ನೀರೇ ಬೇರೆ."

ಪ್ರಯೋಗಾಲಯದ ವೆಂಕಟಲಕ್ಷ್ಮಮ್ಮ ಇಷ್ಟು ಹೇಳಿ, ಸೂಕ್ಷ್ಮದರ್ಶಕದ ಮುಂದಿನ ಕುರ್ಚಿಯನ್ನು ಬಿಟ್ಟುಕೊಟ್ಟರು. ಇನ್‌ಸ್ಪೆಕ್ಟರ್ ಬಸವರಾಜೇಶ್ವರಿ ಟೋಪಿ ತೆಗೆದು ಮೇಜಿನ ಮೇಲಿಟ್ಟು ಬಗ್ಗಿ ಕಣ್ಣಿಟ್ಟಳು.

"ಏನು ಕಾಣುತ್ತೆ?"

"ಗಾಜಿನ ಚೂರು. ದೋಣಿ ತರ ಒಂದಿದೆ. ಸೂಜಿ ತರ... ಅಬ್ಬಾ, ಎಷ್ಟೊಂದಿದಾವೆ."

"ಡಯಾಟಮ್ ಅಂತಾರೆ. ಕಣ್ಣಿಗೆ ಕಾಣದ ಪಾಚಿ. ಚೆನ್ನಾಗಿರೋ ಕೆರೆ, ಕುಂಟೆ ನೀರಲ್ಲಿ ತುಂಬಿರತ್ತೆ. ಮುಳುಗ್ತಿರೋರು ಉಸಿರಿಗೆ ಬಾಯಿ ತೆರೀತಾರಲ್ಲ, ಆಗ ನೀರಿನ ಜೊತೆ ಇವೂ ಒಳಗೆ ಹೋಗ್ತವೆ. ಇವಳ ಶ್ವಾಸಕೋಶದಲ್ಲಿ ಇಪ್ಪತ್ತೆರಡು ಬಗೆ ಸಿಕ್ಕಿದೆ."

ಇವಳು ಅಂದರೆ ರಾಗಿಣಿ. ವಯಸ್ಸು ಇಪ್ಪತ್ತೇಳು. ಹತ್ತು ದಿನದ ಹಿಂದೆ ಕೆಂಗೇರಿಯ ದೊಡ್ಡಕುಂಟೆಯ ಜೊಂಡಿನಲ್ಲಿ ಅವಳ ಹೆಣ ಸಿಕ್ಕಿತ್ತು. ಎಡ ಮಣಿಕಟ್ಟಿನ ಮೇಲೆ, ಯಾರೋ ಬಿಗಿಯಾಗಿ ಹಿಡಿದ ನಾಲ್ಕು ಬೆರಳ ಗುರುತಿತ್ತು.

ವೆಂಕಟಲಕ್ಷ್ಮಮ್ಮ ಇನ್ನೊಂದು ಗಾಜಿನ ಪಟ್ಟಿ ಸೇರಿಸಿದರು.

"ಇದು ಹೆಣ ಎತ್ತಿದ ಬೆಳಗ್ಗೆ ನಿಮ್ಮ ಮುನಿರಾಜು ಅದೇ ಕುಂಟೆಯಿಂದ ತುಂಬಿ ತಂದದ್ದು."

ಬಸವರಾಜೇಶ್ವರಿ ನೋಡಿದಳು. ಮತ್ತೆ ನೋಡಿದಳು. "ಏನೂ ಇಲ್ವಲ್ಲ."

"ಇಲ್ಲ. ಆ ನೀರಿನ ತುಂಬ ಮೈಲುತುತ್ತ, ಕಾಪರ್ ಸಲ್ಫೇಟ್. ಮೀನು, ಕಪ್ಪೆ, ಬಸವನಹುಳ ಒಂದೂ ಉಳಿಯದಷ್ಟು."

"ಅವಳ ಒಳಗೆ?"

"ಒಂದು ತೊಟ್ಟೂ ಇಲ್ಲ. ಬಟ್ಟೆಯಲ್ಲಿ ಇದೆ. ತಿಳಿಹಳದಿ ಕುರ್ತಾ ಅಲ್ವಾ? ಅಂಚು ನೀಲಿ ಹಸಿರಾಗಿದೆ ನೋಡಿ."

ಆ ಕುರ್ತಾವನ್ನು ಬಸವರಾಜೇಶ್ವರಿ ಹತ್ತು ಸಲ ನೋಡಿದ್ದಳು. ಅದು ಬಣ್ಣ ಹಾಕಿದ ಅಂಚೆಂದೇ ತಿಳಿದಿದ್ದಳು.

"ಬೇರೆಲ್ಲೋ ಮುಳುಗಿಸಿ ತಂದು ಹಾಕಿದಾರಾ?"

"ನಂಗೂ ಹಾಗೇ ಅನಿಸ್ತು. ಅದಕ್ಕೇ ಮೊನ್ನೆ ಕುಂಟೆ ತಳದ ಕೆಸರು ತರಿಸಿದೆ. ಸತ್ತವುಗಳ ಚಿಪ್ಪೆಲ್ಲ ಕೆಳಗೆ ಕೂತಿದೆ. ಅವೇ ಇಪ್ಪತ್ತೆರಡು ಬಗೆ." ವೆಂಕಟಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಕುಂಟೆ ಅದೇ, ಬಸವರಾಜೇಶ್ವರಿ. ಹೊತ್ತು ಬೇರೆ. ಅವಳು ಮುಳುಗೋವಾಗ ಕುಂಟೆ ಬದುಕಿತ್ತು. ಬೆಳಗಾಗೋದರೊಳಗೆ ಸತ್ತಿತ್ತು."

"ಅಂದ್ರೆ ಅವಳು ನೀರೊಳಗಿದ್ದಾಗ..."

"ಯಾರೋ ಮೇಲಿಂದ ಸುರಿದಿದಾರೆ. ಹೂಂ."

*

ದೀಪಾಂಜಲಿ ನಗರ ದಾಟುವವರೆಗೂ ಮುನಿರಾಜು ಮಾತಾಡಲಿಲ್ಲ. ಇಪ್ಪತ್ತೆರಡು ವರ್ಷದಿಂದ ಹೆಡ್ ಕಾನ್‌ಸ್ಟೇಬಲ್, ಜೀಪಿನಲ್ಲಿ ಬಾಯಿ ಮುಚ್ಚಿ ಕೂತವನೇ ಅಲ್ಲ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡಾಗ ಹೇಳಿದ:

"ನಾನು ಆವತ್ತು ಬಾಟಲಿ ಅದ್ದಿದಾಗ ಒಂದು ಕಪ್ಪೆನೂ ವಟಗುಟ್ಟಲಿಲ್ಲ ಮೇಡಂ. ಜೂನ್ ತಿಂಗಳು. ಹಿಂದಿನ ದಿನ ಮಳೆ ಬೇರೆ. ಕೆಂಗೇರಿಲೇ ಹುಟ್ಟಿ ಬೆಳೆದೋನು ನಾನು. ಹೊಳೀಲೇ ಇಲ್ಲ ನೋಡಿ."

ಬಸವರಾಜೇಶ್ವರಿ ಹಾಳೆ ತಿರುವಿದಳು. ಅವಳ ತೊಡೆಯ ಮೇಲೆ ರಾಗಿಣಿಯ ಎಣಿಕೆಯ ಪಟ್ಟಿಯಿತ್ತು.

ಒಂಬತ್ತು ಎಕರೆ ಜಾಗ. ಮೃಗಶಿರಾ ಎಸ್ಟೇಟ್ಸ್ ಎಂಬ ಕಂಪನಿ ಅಲ್ಲಿ ನಾಲ್ಕು ಟವರು ಕಟ್ಟಲು ಹೊರಟಿತ್ತು. ಹೊಸ ನಿಯಮದ ಪ್ರಕಾರ, ಕಟ್ಟುವ ಮೊದಲು ಆ ನೆಲದಲ್ಲಿ ಎಷ್ಟು ಜೀವವಿತ್ತೋ, ಕಟ್ಟಿ ಮುಗಿದ ಮೇಲೆ ಅದಕ್ಕಿಂತ ನೂರಕ್ಕೆ ಹತ್ತು ಪಾಲು ಹೆಚ್ಚು ಇರಬೇಕು. ಅದಕ್ಕೆ ಮೊದಲು ಎಣಿಸಬೇಕು. ಕಂಪನಿಯ ಕಡೆಯವರು ಒಮ್ಮೆ ಎಣಿಸಿ 'ಕುಂಟೆಯಲ್ಲಿ ಹೇಳಿಕೊಳ್ಳುವಂಥ ಜೀವಿಗಳಿಲ್ಲ' ಎಂದು ಬರೆದುಕೊಟ್ಟಿದ್ದರು. ಅದನ್ನು ಪರೀಕ್ಷಿಸಲು ಹೊರಗಿನವರೊಬ್ಬರು ಎರಡನೇ ಸಲ ಎಣಿಸಬೇಕಿತ್ತು. ಆ ಕೆಲಸ ರಾಗಿಣಿಯ ಪಾಲಿಗೆ ಬಂದಿತ್ತು.

ಅವಳ ಪಟ್ಟಿ ಅರವತ್ತೊಂದಕ್ಕೆ ನಿಂತಿತ್ತು. ಏಳು ಬಗೆಯ ಕಪ್ಪೆ. ಹದಿನಾಲ್ಕು ಬಗೆಯ ಏರೋಪ್ಲೇನ್ ಚಿಟ್ಟೆ. ಗುಳುಮುಳುಕ ಹಕ್ಕಿಯ ಎರಡು ಗೂಡು, ಒಂದರಲ್ಲಿ ಮೊಟ್ಟೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ, 'ನಾಳೆ ಸಾಯಂಕಾಲ ಇನ್ನೊಮ್ಮೆ ನೋಡಬೇಕು.'

ಆ ನಾಳೆ ಸಾಯಂಕಾಲವೇ ಅವಳು ಸತ್ತದ್ದು.

*

ಸೈಟ್ ಆಫೀಸಿನ ಗೋಡೆಯ ತುಂಬ ಬಣ್ಣದ ಚಿತ್ರ. ನಾಲ್ಕು ಟವರಿನ ನಡುವೆ ತಾವರೆ ಕೊಳ, ಕೊಳದಲ್ಲಿ ಬಾತುಕೋಳಿ, ಪಕ್ಕದಲ್ಲಿ ಬಲೂನು ಹಿಡಿದ ಮಕ್ಕಳು. ಅದರ ಕೆಳಗೆ ಪ್ರಾಜೆಕ್ಟ್ ಮ್ಯಾನೇಜರ್ ನಾಗಭೂಷಣ್ ಕೂತಿದ್ದ. ಹಣೆಯ ಮೇಲೆ ಸಣ್ಣ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ದಾವಣಗೆರೆ ಕಡೆಯವನು, ಬಸವರಾಜೇಶ್ವರಿಯ ಊರಿಗೆ ಮೂವತ್ತು ಮೈಲಿ. ಮೊದಲ ದಿನವೇ ಅದನ್ನು ಎರಡು ಸಲ ಹೇಳಿಕೊಂಡಿದ್ದ.

"ಕಾಫಿ ತರ್ಸ್ಲಾ ಮೇಡಂ?"

"ಬೇಡ. ನಿಮ್ಮ ಮೊದಲನೇ ವರದಿಯ ತಾರೀಖು ಹೇಳಿ."

"ಜೂನ್ ಹದಿನಾಲ್ಕು."

"ಕುಂಟೆಯಲ್ಲಿ ಏನೂ ಇಲ್ಲ ಅಂತ."

"ಹೌದು. ತಜ್ಞರು ಬರೆದದ್ದು, ನಾನಲ್ಲ."

"ಹದಿನೆಂಟನೇ ತಾರೀಖು ಸಾಯಂಕಾಲ ಅದೇ ಕುಂಟೆ ನೀರಲ್ಲಿ ಬರೀ ಪಾಚಿಯೇ ಇಪ್ಪತ್ತೆರಡು ಬಗೆ ಇತ್ತು. ಯಾರು ಹೇಳಿದ್ರು ಅಂತ ಕೇಳಿ."

"ಯಾರು?"

"ರಾಗಿಣಿ. ಶ್ವಾಸಕೋಶದಲ್ಲಿ ತುಂಬ್ಕೊಂಡು ಹೋಗಿ ಹೇಳಿದ್ಲು."

ನಾಗಭೂಷಣನ ಕೈ ಮೇಜಿನ ಮೇಲಿನ ಪೇಪರ್‌ವೇಟಿನ ಕಡೆ ಹೋಗಿ ಸುಮ್ಮನೆ ನಿಂತಿತು.

"ನಾನು ಮೊದ್ಲೇ ಹೇಳಿದೀನಿ ಮೇಡಂ. ಆರೂವರೆ ಮೇಲೆ ನಾನು ರಾಜಾಜಿನಗರದಲ್ಲಿದ್ದೆ, ಮೀಟಿಂಗಲ್ಲಿ. ಕ್ಯಾಮೆರಾ ಇದೆ. ಆ ಹುಡುಗಿ ಆರೂ ಮೂವತ್ತೈದಕ್ಕೆ ತಂದೆ ಜೊತೆ ಫೋನಲ್ಲಿ ಮಾತಾಡಿದಾಳೆ ಅಂತ ನೀವೇ ಹೇಳಿದ್ದು."

"ಸಾವಿನ ವಿಷ್ಯ ಆಮೇಲೆ. ಮೈಲುತುತ್ತದ ವಿಷ್ಯ ಹೇಳಿ."

"ಸೊಳ್ಳೆ ಮೇಡಂ. ಸುತ್ತಮುತ್ತ ಡೆಂಗ್ಯೂ..."

"ನಾಗಭೂಷಣ್."

ಅವನು ಗೋಡೆಯ ಚಿತ್ರವನ್ನು ಒಮ್ಮೆ ನೋಡಿದ. ಮಾತು ಕೆಳಗಿಳಿಯಿತು.

"ಕುಂಟೆ ಇರೋದು ನಾಲ್ಕನೇ ಟವರಿನ ಜಾಗದಲ್ಲಿ. ಅಷ್ಟು ಜೀವ ಇದೆ ಅಂತಾದ್ರೆ ಮುಟ್ಟೋಕ್ಕಾಗಲ್ಲ, ಆ ಟವರ್ ಕೈಬಿಡಬೇಕು. ಏನೂ ಇಲ್ಲ ಅಂತಾದ್ರೆ, ಆಮೇಲೆ ಒಂದು ತಾವರೆ ತೊಟ್ಟಿ ಕಟ್ಟಿ ನಾಲ್ಕು ಮೀನು ಬಿಟ್ರೂ ಹೆಚ್ಚು ಮಾಡಿದ ಹಾಗೇ."

"ವರದಿ ಸುಳ್ಳಿತ್ತು. ಅದನ್ನ ನಿಜ ಮಾಡೋಕೆ ಕುಂಟೆ ಸಾಯಿಸಿದ್ರಿ."

"ಎರಡು ಚೀಲ ತರಿಸಿದ್ದು ನಾನೇ. ಸುರಿದದ್ದು ನಾನಲ್ಲ."

"ಯಾರು?"

ನಾಗಭೂಷಣ್ ಕಿಟಕಿಯ ಕಡೆ ಗದ್ದ ಎತ್ತಿದ.

ಹೊರಗೆ ಕಾಂಪೌಂಡಿನುದ್ದಕ್ಕೂ ನೆಟ್ಟ ಹೊಂಗೆ ಸಸಿಗಳಿಗೆ ಒಬ್ಬ ಮುದುಕ ಪೈಪಿನಲ್ಲಿ ನೀರು ಹಿಡಿಯುತ್ತಿದ್ದ. ಒಂದೊಂದು ಸಸಿಯ ಬುಡದಲ್ಲೂ ನಿಂತು, ಮಣ್ಣು ಕೊಚ್ಚಿ ಹೋಗದಂತೆ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟು.

ವಾಚ್‌ಮನ್ ಕೃಷ್ಣಯ್ಯ. ರಾಗಿಣಿಯ ಅಪ್ಪ.

ಮುನಿರಾಜು ಬಾಗಿಲಲ್ಲೇ "ಅಯ್ಯೋ ಶಿವನೇ" ಎಂದ.

*

ಕುಂಟೆಯ ದಡದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಬಟ್ಟೆ ಒಗೆದು ಒಗೆದು ನಡುವೆ ತಗ್ಗಾದ ಕಲ್ಲು. ಕೃಷ್ಣಯ್ಯ ಪೈಪು ನಿಲ್ಲಿಸಿ ಬಂದು ಅದರ ಪಕ್ಕದಲ್ಲಿ ನಿಂತ. ಜೊಂಡು ಬುಡದಿಂದ ಕಂದಾಗಿತ್ತು. ನೀರಿನ ಮೇಲೆ ಏನೂ ಆಡುತ್ತಿರಲಿಲ್ಲ.

ಈ ನೆಲ ಒಂದು ಕಾಲಕ್ಕೆ ಕೃಷ್ಣಯ್ಯನ ಅಪ್ಪನದು. ಈಗ ಅವನು ಇಲ್ಲಿ ಗೇಟು ಕಾಯುತ್ತಿದ್ದ. ಮನೆ ಹಿಂದಿನ ಬೀದಿಯಲ್ಲೇ. ಮಗಳು ಹೋದ ಮೂರನೇ ದಿನಕ್ಕೆ ಕೆಲಸಕ್ಕೆ ಬಂದಿದ್ದ; ಮನೆಯಲ್ಲಿ ಕೂರಲು ಆಗುವುದಿಲ್ಲ ಎಂದಿದ್ದ.

ಜೀಪಿನಲ್ಲಿ ಬರುವಾಗ ಬಸವರಾಜೇಶ್ವರಿ ನಾಲ್ಕಾರು ಪ್ರಶ್ನೆ ಜೋಡಿಸಿಕೊಂಡಿದ್ದಳು. ಅವು ಬೇರೆ ಯಾರನ್ನೋ ಕೇಳುವುದಕ್ಕೆ.

"ಮೈಲುತುತ್ತ ಎಷ್ಟು ಹೊತ್ತಿಗೆ ಸುರಿದ್ರಿ ಕೃಷ್ಣಯ್ಯ?"

ಅವನು ಬೆಚ್ಚಲಿಲ್ಲ. ಹತ್ತು ದಿನದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನಂತೆ ಉಸಿರುಬಿಟ್ಟ.

"ಆರೂ ಮುಕ್ಕಾಲು. ಒಸಿ ಬೆಳಕಿತ್ತು ಇನ್ನೂ."

"ಸೊಳ್ಳೆಗೆ ಅಂತ ಹೇಳಿ ಸುರಿಸಿದ್ರಾ?"

"ಅವ್ರು ಹಂಗಂದ್ರು. ನಾನು ಹೂಂ ಅಂದೆ. ಇದೇ ನೆಲದಲ್ಲಿ ದ್ರಾಕ್ಷಿಗೆ ಸುಣ್ಣ ಬೆರಸಿ ಅದನ್ನೇ ಹೊಡೀತಿದ್ದೋನು ಕಣಮ್ಮ ನಾನು. ನೀರಿಗೆ ಬಿದ್ರೆ ಏನಾಯ್ತದೆ ಅಂತ ಗೊತ್ತಿಲ್ವಾ ನಂಗೆ."

"ಗೊತ್ತಿದ್ದೂ?"

"ನಾಲ್ಕನೇ ಟವರಲ್ಲಿ ನಮಗೊಂದು ಮನೆ ಅಂತ ಮಾತಾಗಿತ್ತು, ಜಮೀನು ಬಿಟ್ಕೊಟ್ಟಾಗ. ಟವರೇ ಇಲ್ಲ ಅಂದ್ರೆ ಮನೆ ಎಲ್ಲಿ ಬಂತು? ನಮ್ಮ ರವಿಗೆ ಹೆಣ್ಣು ನೋಡ್ತಾ ಇದೀವಿ. ಮನೆ ಎಲ್ಲಿದೆ ಅಂತಾರೆ ಎಲ್ಲಾರೂವೆ." ರವಿಕುಮಾರ್ ಅವನ ಮಗ, ರಾಗಿಣಿಯ ಅಣ್ಣ, ಇದೇ ಸೈಟಿಗೆ ಸಿಮೆಂಟು, ಕಬ್ಬಿಣ ತರಿಸುವ ಸೂಪರ್‌ವೈಸರ್; ಅವನ ಬೈಕು ಗೇಟಿನಾಚೆ ನಿಂತಿತ್ತು. "ಮನೇಲಿ ದಿನಾ ಅದೇ ಜಗಳ. ಕಪ್ಪೆ ಕಪ್ಪೆ ಅಂತ ನಮ್ಮನೆಗೇ ಕಲ್ಲು ಹಾಕ್ತೀಯಾ ಅಂತ ರವಿ. ಮಾತು ಬಿಟ್ಟು ತಿಂಗಳಾಗಿತ್ತು ಅಣ್ಣ ತಂಗಿ."

"ನಿಮಗೇನನಿಸ್ತಿತ್ತು?"

ಕೃಷ್ಣಯ್ಯ ಕಲ್ಲಿನ ಮೇಲಿನ ಮಣ್ಣನ್ನು ಪಾದದಿಂದ ಸರಿಸಿದ.

"ಹೊಸ ರೂಲು ಬಂದದೆ ಅಪ್ಪಾ, ಮನೆ ಕಟ್ಟಿದ ಮೇಲೆ ಇಲ್ಲಿ ಕಪ್ಪೆ ಮೊದ್ಲಿಗಿಂತ ಜಾಸ್ತಿ ಇರ್ಬೇಕು ಅಂದ್ಲು ಒಂದಿನ. ನಾನು ನಕ್ಕುಬಿಟ್ಟೆ. ಕಪ್ಪೆಗೂ ಪಾಲು ಕೊಡ್ತಾರೇನವ್ವಾ ಅಂದೆ. ಹೂಂ ಅಪ್ಪಾ, ಅವೂ ಈ ಮನೆ ಮಕ್ಕಳೇ ತಾನೆ ಅಂದ್ಲು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಹೆಸರೆಲ್ಲ ಹೇಳ್ಕೊಟ್ಟೋನೇ ನಾನು ಮೇಡಂ. ಇಷ್ಟುದ್ದ ಇದ್ಲು, ಹೆಗಲ ಮೇಲೆ ಕೂರಿಸ್ಕೊಂಡು. ಇದು ಗುಳುಮುಳುಕ, ಇದು ನೀರುಕೋಳಿ, ಅದು ಮಿಂಚುಳ್ಳಿ ಅಂತ. ಎಮ್ಮೆಸ್ಸಿ ಓದ್ಬಂದು ಅವಕ್ಕೆಲ್ಲ ಇನ್ನೊಂದೊಂದು ಹೆಸರು ನಂಗೆ ಹೇಳ್ಕೊಟ್ಲು. ನಾಲಿಗೆ ಹೊರಳ್ತಿರ್ಲಿಲ್ಲ ನಂಗೆ. ಬಿದ್ದು ಬಿದ್ದು ನಗೋಳು."

ಬಸವರಾಜೇಶ್ವರಿ ಏನೂ ಬರೆದುಕೊಳ್ಳಲಿಲ್ಲ.

"ಒಂದು ಕೇಳ್ಲಾ ಮೇಡಂ?"

"ಕೇಳಿ."

"ಡಾಕ್ಟ್ರು ಕುಯ್ದು ನೋಡ್ತಾರಂತಲ್ಲ. ಅವಳ ಒಳಗೆ ಇತ್ತಾ? ಮೈಲುತುತ್ತ?"

"ಯಾಕೆ ಕೇಳ್ತಿದೀರಿ?"

"ಅದು ಹೊಟ್ಟೆಗೆ ಹೋದ್ರೆ ಕರುಳು ಸುಡ್ತದೆ. ನಮ್ಮೂರಲ್ಲಿ ಒಬ್ಬ ಕುಡಿದಿದ್ದ, ನೋಡಿದೀನಿ. ಅವತ್ತು ರಾತ್ರಿ ನಾನು ಮುಂದ್ಲ ಗೇಟಲ್ಲೇ ಇದ್ದೆ. ಹಿಂದ್ಲ ಬೇಲಿ ಕಡೆಯಿಂದ ಬಂದಿರ್ತಾಳೆ ಅವಳು. ಬಂದು, ಕುಂಟೆ ಸತ್ತಿರೋದು ನೋಡಿ, ಅಪ್ಪಾನೇ ಮಾಡಿದ್ದು ಅಂತ ಗೊತ್ತಾಗಿ, ಹಾರ್ಕೊಂಡ್ಲು. ಅದು ಗೊತ್ತು ನಂಗೆ. ಆದ್ರೆ ಆ ನೀರು ಕುಡಿಯೋವಾಗ ಎಷ್ಟು ಉರೀತೋ ಮಗೀಗೆ. ಕಣ್ಮುಚ್ಚಿದ್ರೆ ಅದೇ."

ಮಣಿಕಟ್ಟಿನ ಮೇಲಿನ ಗುರುತಿನ ವಿಷಯ ಮನೆಯವರಿಗೆ ಪೊಲೀಸರು ಹೇಳಿರಲಿಲ್ಲ. ಹತ್ತು ದಿನದಿಂದ ಈ ಮನುಷ್ಯ ತನ್ನ ಮಗಳು ತನ್ನ ಮೇಲಿನ ದುಃಖಕ್ಕೆ ಸತ್ತಳೆಂದು ನಂಬಿಕೊಂಡು ಸಸಿಗಳಿಗೆ ನೀರು ಹಾಕುತ್ತಿದ್ದ.

ವರದಿ ಇನ್ನೂ ಬಂದಿಲ್ಲ ಎನ್ನಬಹುದಿತ್ತು. ಎಂಥೆಂಥವರ ಬಾಯಿಂದಲೋ ನಿಜ ಹೊರಡಿಸಿದ್ದ ಬಸವರಾಜೇಶ್ವರಿಗೆ ಆ ಒಂದು ಸುಳ್ಳು ಬಾಯಿಗೆ ಬರಲಿಲ್ಲ. ಅವನ ಮುಖ ನೋಡಿ, ಒಂದಿಷ್ಟಾದರೂ ಇಳಿಯಲಿ ಎನಿಸಿತು.

"ಇಲ್ಲ ಕೃಷ್ಣಯ್ಯ. ಒಂದು ತೊಟ್ಟೂ ಇರಲಿಲ್ಲ."

ಅವನು ಕಣ್ಣು ಮುಚ್ಚಿದ. ಎರಡೂ ಕೈ ಜೋಡಿಸಿ ಅವಳಿಗೆ ಮುಗಿದ.

"ಪುಣ್ಯ ಬರ್ಲಿ ತಾಯಿ. ನಿಮ್ಮ ಮಕ್ಕಳು ಚೆನ್ನಾಗಿರ್ಲಿ. ಉರೀಲಿಲ್ಲ ಹಂಗಾದ್ರೆ ಅವಳಿಗೆ. ಉರೀಲಿಲ್ಲ."

ಕೆಳಗೆ ಕೂತ. ಎಷ್ಟೋ ದಿನದಿಂದ ಹೊತ್ತದ್ದನ್ನು ಇಳಿಸಿದವನ ಹಾಗೆ ಬೆನ್ನು ಬಾಗಿಸಿ, ಮೊಣಕಾಲಿನ ಮೇಲೆ ಹಣೆಯಿಟ್ಟ. ಮುನಿರಾಜು ಬೇರೆ ಕಡೆ ತಿರುಗಿ ನಿಂತ.

ಒಂದು ನಿಮಿಷ ಕಳೆದಿರಬೇಕು. ಕೃಷ್ಣಯ್ಯ ತಲೆ ಎತ್ತಿದ.

"ಒಂದು ತೊಟ್ಟೂ ಅಂದ್ರಾ?"

"ಹೂಂ."

"ಆ ನೀರಿಗೆ ಬಿದ್ದಿದ್ರೆ ಒಂದು ತೊಟ್ಟಾದ್ರೂ ಇರ್ಬೇಕಲ್ಲ ಮೇಡಂ."

ಅವಳು ಅವನ ಕಡೆ ಒಂದು ಹೆಜ್ಜೆ ಇಟ್ಟಳು.

"ಮೀನೇ ಉಳೀಲಿಲ್ಲ. ಅಷ್ಟು ಹಾಕಿದೀನಿ. ಬಿದ್ದೋಳ ಬಾಯಿಗೆ ಒಂದು ತೊಟ್ಟು..." ಅವನು ಎದ್ದು ನಿಂತ. "ಮೊದ್ಲೇ ಬಿದ್ದಿದ್ಲಾ?"

"ಕೃಷ್ಣಯ್ಯ, ಕೂತ್ಕೊಳ್ಳಿ."

"ನಾನು ಸುರಿಯೋಕ್ ಮುಂಚೇನೇ?"

"ಕೂತ್ಕೊಳ್ಳಿ, ದಯವಿಟ್ಟು."

ಅವನು ಕೂರಲಿಲ್ಲ. ಚಪ್ಪಡಿ ಕಲ್ಲನ್ನು ನೋಡಿದ. ಅಲ್ಲಿಂದ ಎದುರಿನ ಜೊಂಡನ್ನು ನೋಡಿದ. ಹತ್ತು ಹನ್ನೆರಡು ಮಾರು ದೂರ. ಬೆಳಗ್ಗೆ ಮೊದಲು ಅವಳ ಹಳದಿ ಬಟ್ಟೆ ಕಂಡು ಕೂಗಿದವನೇ ಅವನು. ಎಲ್ಲಿ ಸಿಕ್ಕಳೆಂದು ಅವನಿಗೆ ಯಾರೂ ತೋರಿಸಬೇಕಿರಲಿಲ್ಲ.

"ಇಲ್ಲೇ ನಿಂತಿದ್ದೆ ನಾನು," ಎಂದ. "ಗಳ ತಗೊಂಡು ಕದಡಿದೆ ಮೇಡಂ. ಚೆನ್ನಾಗಿ ಕರಗ್ಲಿ ಅಂತ. ಜೊಂಡಿನ ತನಕ ಹೋಗ್ಲಿ ಅಂತ ಜೋರಾಗಿ..."

ಮಾತು ಮುಗಿಯಲಿಲ್ಲ. ಅವನ ಬಾಯಿಂದ ಹೊರಟದ್ದು ಅಳುವಲ್ಲ, ಕೂಗೂ ಅಲ್ಲ. ಆಫೀಸಿನ ಬಾಗಿಲಲ್ಲಿ ನಿಂತಿದ್ದ ನಾಗಭೂಷಣ್ ಅದನ್ನು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬಸವರಾಜೇಶ್ವರಿ ಮುದುಕನ ಭುಜ ಹಿಡಿದುಕೊಂಡಳು. ಖಾಕಿ ತೊಟ್ಟು ಯಾರನ್ನೂ ಹಾಗೆ ಹಿಡಿದವಳಲ್ಲ.

ಇದ್ದಕ್ಕಿದ್ದಂತೆ ಅವನು ಅವಳ ಕೈ ಕೊಡವಿದ.

"ಇಲ್ಲ. ಆಗಕ್ಕಿಲ್ಲ. ತಪ್ಪು ನಿಮ್ಮ ಡಾಕ್ಟ್ರದು. ನಾನು ಹಂಗೆಲ್ಲ ನೋಡ್ದೆ ಸುರಿಯೋನಲ್ಲ. ನಾಲ್ಕು ಗಂಟೆಗೆ ಬಂದೋಳು ವಾಪಸ್ ಹೋಗಿದ್ದು ಕಾಣ್ಲಿಲ್ಲ ನಂಗೆ. ಅದಕ್ಕೇ ಸುರಿಯೋಕ್ ಮುಂಚೆ ಅವಳ ಫೋನಿಗೆ ಮಾಡಿದ್ದು."

"ಗೊತ್ತು. ಆರೂ ಮೂವತ್ತೈದಕ್ಕೆ, ನಲವತ್ತು ಸೆಕೆಂಡು. ಮನೇಲಿದೀನಿ ಅಂತ ರಾಗಿಣಿ ಹೇಳಿದ್ಲು ಅಂತ ನೀವೇ ಬರೆಸಿದೀರಿ."

"ಮನೇಲಿದ್ಲು ಅವಳು!"

"ನಿಮ್ಮ ಮಗಳ ದನಿ ಕೇಳಿದ್ರಾ?"

ಕೃಷ್ಣಯ್ಯನ ತುಟಿ ಅಲುಗಿತು.

"ಕೃಷ್ಣಯ್ಯ. ರಾಗಿಣಿ 'ಅಪ್ಪಾ' ಅಂದ್ಲಾ?"

"...ಅವಳಲ್ಲ ಎತ್ತಿದ್ದು."

ಮುನಿರಾಜು ಈ ಕಡೆ ತಿರುಗಿದ.

"ಯಾರು ಎತ್ತಿದ್ರು?"

"ಇಂದ್ರ. ನಮ್ಮನೆಯವಳು." ಅವನು ಈಗ ತನಗೇ ಹೇಳಿಕೊಳ್ಳುವವನಂತೆ ಮೆಲ್ಲಗೆ ಹೇಳಿದ. "ಮಗಳೆಲ್ಲಿ ಅಂದೆ. ಬಂದವ್ಳೆ, ತಲೆನೋವು ಅಂತ ಮಲಗವ್ಳೆ, ಎಬ್ಬಿಸ್ಬೇಡಿ ಅಂದ್ಲು. ಅದಕ್ಕೇ ಧೈರ್ಯವಾಗಿ ಸುರಿದೆ."

"ಮತ್ತೆ ರಾಗಿಣಿನೇ ಮಾತಾಡಿದ್ಲು ಅಂತ ಯಾಕೆ ಬರೆಸಿದ್ರಿ?"

"ಇಂದ್ರನೇ ಹೇಳಿದ್ದು. ನಾನು ಎತ್ತಿದೆ ಅನ್ಬೇಡಿ, ಸ್ಟೇಷನ್ನು ಅಂತ ಅಲೆದಾಡಿಸ್ತಾರೆ ಅಂತ. ಹೆತ್ತೋಳು, ಮೊದ್ಲೇ ಸತ್ತಂಗಾಗಿದಾಳೆ, ಯಾಕೆ ಸುಮ್ನೆ ಅಂತ ನಾನೂವೆ..."

ಬಸವರಾಜೇಶ್ವರಿ ಮುನಿರಾಜುವನ್ನು ನೋಡಿದಳು. ಅವನಾಗಲೇ ಫೈಲು ತಿರುವುತ್ತಿದ್ದ.

"ಇಂದ್ರಮ್ಮನ ಹೇಳಿಕೆ ಮೇಡಂ. ಹದಿನೆಂಟನೇ ತಾರೀಖು ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಹೆಗ್ಗನಹಳ್ಳಿ ತಂಗಿ ಮನೇಲಿ. ತಂಗಿನೂ ಹೌದು ಅಂದಿದಾರೆ."

ರಾಗಿಣಿಯ ಫೋನು ಇವತ್ತಿನವರೆಗೂ ಸಿಕ್ಕಿರಲಿಲ್ಲ. ಮನೆಗೂ ಕುಂಟೆಗೂ ಮೊಬೈಲಿನ ಕಂಬ ಒಂದೇ ಆದ್ದರಿಂದ, ಕರೆ ಎಲ್ಲಿ ಎತ್ತಿದ್ದು ಎಂದೂ ತಿಳಿದಿರಲಿಲ್ಲ. ಹಾಗಿದ್ದರೂ ಇಡೀ ತನಿಖೆಯನ್ನು ಬಸವರಾಜೇಶ್ವರಿ ಆ ನಲವತ್ತು ಸೆಕೆಂಡಿನ ಮೇಲೆ ಕಟ್ಟಿದ್ದಳು. ಆರೂ ಮೂವತ್ತೈದಕ್ಕೆ ಹುಡುಗಿ ಬದುಕಿದ್ದಳು. ಹಾಗಾಗಿ ಅದರ ನಂತರ ಯಾರು ಎಲ್ಲಿದ್ದರು ಎಂದು ಒಬ್ಬೊಬ್ಬರನ್ನೂ ಕೇಳಿದ್ದಳು. ನಾಗಭೂಷಣ್ ರಾಜಾಜಿನಗರದ ಮೀಟಿಂಗಿನಲ್ಲಿ. ರವಿಕುಮಾರ್ ಏಳು ಗಂಟೆಗೆ ನಾಯಂಡಹಳ್ಳಿಯ ಸಿಮೆಂಟ್ ಗೋಡೌನಿನ ಕ್ಯಾಮೆರಾದಲ್ಲಿ.

ನಾಲ್ಕರಿಂದ ಆರೂವರೆಯವರೆಗೆ ಎಲ್ಲಿದ್ದೆ ಎಂದು ಅವಳು ಯಾರನ್ನೂ ಕೇಳಿರಲಿಲ್ಲ.

"ಮುನಿರಾಜು, ಇಂದ್ರಮ್ಮನ್ನ ಕರ್ಕೊಂಡು..."

"ಬಂದ್ರು ಮೇಡಂ."

ಸಸಿಗಳ ಸಾಲಿನ ಕೊನೆಯಲ್ಲಿ ಇಂದ್ರಮ್ಮ ನಿಂತಿದ್ದಳು. ಗಂಡನಿಗೆ ಮಧ್ಯಾಹ್ನದ ಊಟ ತಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲಿಂದ ಕೇಳಿಸಿಕೊಂಡಿದ್ದಳೋ. ಸಣಕಲು ಹೆಂಗಸು, ಹತ್ತು ದಿನದಲ್ಲಿ ಇನ್ನೂ ಸಣ್ಣಗಾಗಿದ್ದಳು.

ಕೃಷ್ಣಯ್ಯ ಅವಳತ್ತ ಎರಡು ಹೆಜ್ಜೆ ಇಟ್ಟ.

"ಇಂದ್ರಾ, ಬಾ ಇಲ್ಲಿ. ಹೇಳು ಇವ್ರಿಗೆ. ಮಗಳು ಮಲಗಿದ್ಲಲ್ಲ ಮನೇಲಿ? ನೀನು ನೋಡಿದ್ಯಲ್ಲ? ಹೇಳು. ಆಮೇಲೆ ಎದ್ದು ಬಂದ್ಲು ಅಂತ ಹೇಳು."

ಅವಳ ಕಣ್ಣು ಎದುರಿನ ಜೊಂಡಿನ ಕಡೆ ಹೋಯಿತು.

"ಇಂದ್ರಾ." ಅವನ ದನಿ ಬದಲಾಯಿತು. "ಈ ಕಲ್ಲ ಮೇಲೆ ನಿಂತ್ಕೊಂಡು ಫೋನ್ ಮಾಡ್ದೆ ನಾನು. ನನ್ ಮಗಳು ಎಲ್ಲಿ ಅಂದೆ. ಗೊತ್ತಿತ್ತಾ ನಿಂಗೆ? ಇಲ್ಲೇ, ನನ್ ಕಾಲ ಬುಡದಲ್ಲೇ ಅವ್ಳೆ ಅಂತ ಗೊತ್ತಿದ್ದೂ..."

ಇಂದ್ರಮ್ಮ ಊಟದ ಡಬ್ಬಿಯನ್ನು ನೆಲದ ಮೇಲಿಟ್ಟಳು. ಬೀಳದಂತೆ ನೆಟ್ಟಗೆ ಮಾಡಿದಳು. ಗಂಡನ ಕಡೆ ಕಣ್ಣೆತ್ತದೆ ನೇರವಾಗಿ ಬಸವರಾಜೇಶ್ವರಿಯ ಮುಂದೆ ಬಂದು ನಿಂತು, ಅವಳ ಎರಡೂ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು.

"ಅವನನ್ನ ಬಿಟ್ಬಿಡಿ ಮೇಡಂ. ನಿಮ್ಮ ದಮ್ಮಯ್ಯ. ಇಬ್ರನ್ನೂ ಕಳ್ಕೊಂಡು ನಾನು ಹೆಂಗೆ ಬದುಕ್ಲಿ?"

"ನನ್ನನ್ಯಾಕೆ ಬಿಡ್ಬೇಕು?" ಎಂದ ಕೃಷ್ಣಯ್ಯ. "ಕರ್ಕೊಂಡು ಹೋಗ್ಲಿ. ನಾನೇ ಸುರಿದದ್ದು."

ಇಂದ್ರಮ್ಮ ಆಗಲೂ ಅವನ ಕಡೆ ತಿರುಗಲಿಲ್ಲ.

ಕೃಷ್ಣಯ್ಯ ಹೆಂಡತಿಯ ಬೆನ್ನನ್ನೇ ನೋಡುತ್ತ ನಿಂತ. ಅವನ ಮುಖದಲ್ಲಿ ಏನೋ ನಿಧಾನಕ್ಕೆ ಕುಸಿಯಿತು.

"ಯಾರನ್ನ ಇಂದ್ರಾ? ಯಾರನ್ನ ಬಿಡು ಅಂತಿದೀಯ?"

ಕಾಂಪೌಂಡಿನ ಆಚೆ ಒಂದು ಬೈಕು ಸ್ಟಾರ್ಟ್ ಆಯಿತು. ಮುನಿರಾಜು ಗೇಟಿನ ಕಡೆ ಓಡಿದ. ಬಸವರಾಜೇಶ್ವರಿಯೂ ಓಡಲು ಹೊರಟಳು. ಇಂದ್ರಮ್ಮ ಅವಳ ಕೈಗಳನ್ನು ಬಿಡಲಿಲ್ಲ.